ಐವತ್ತು ಗ್ರಾಂ ಮುಚ್ಚಳ

ಮನೆ, ಮಹಡಿಯ ಅಡುಗೆಮನೆ
ಒಂಬತ್ತನೇ ತಾರೀಖು, ಗುರುವಾರ
ರಾತ್ರಿ ಒಂದು ನಲವತ್ತು

ಪ್ರೀತಿಯ ಅಪ್ಪಾ,

ಒಂದು ಗಂಟೆಗೆ ಕೆಳಗೆ ಗೋದಾಮಿನಲ್ಲಿ ಏನೋ ಟಣ್ ಎಂದು ಬಿದ್ದು, ಗರಗರ ಸುತ್ತಿ, ಸುಮ್ಮನಾಯಿತು. ಆ ಸದ್ದಿಗೆ ಎದ್ದವಳು ಇನ್ನೂ ಮಲಗಿಲ್ಲ. ಮೊದಲು ನಿನ್ನ ವಿಷಯ ಹೇಳು. ಮಂಡಿ ನೋವು ಹೇಗಿದೆ? ಲಾಡ್ಜಿನವರು ಕೆಳಗಿನ ರೂಮೇ ಕೊಟ್ಟರಾ? ಸಕ್ಕರೆ ಮಾತ್ರೆ ಕೈಚೀಲದ ಪಕ್ಕದ ಜೇಬಿನಲ್ಲಿದೆ, ನೀಲಿ ಡಬ್ಬಿ. ತಿಂಡಿಗೆ ಮುಂಚೆ ಒಂದು, ಮರೆಯಬೇಡ. ಮರೆವಿನ ಮಾತು ಬಂತಲ್ಲ, ನಿನ್ನ ಫೋನು ಇಲ್ಲೇ ಬಚ್ಚಲಿನ ಕಿಟಕಿಯಲ್ಲಿ, ಗಡ್ಡದ ಬ್ರಷ್ಷಿನ ಪಕ್ಕ ಕುಳಿತಿದೆ. ಗಾಬರಿಯಲ್ಲಿ ನಿನಗೆ ರಿಂಗು ಕೊಟ್ಟರೆ ಬಚ್ಚಲೇ ಹಾಡತೊಡಗಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲಾರಿ ಡ್ರೈವರ್ ಎರಡೂವರೆಗೆ ಲೋಡು ತೆಗೆದುಕೊಂಡು ಆ ಕಡೆಗೇ ಹೊರಟಿದ್ದಾನೆ. ಐದು ಗಂಟೆಗೆಲ್ಲ ನಿನ್ನ ಬಾಗಿಲು ಬಡಿಯುತ್ತಾನಂತೆ. ಅವನು ಅಲ್ಲಿಗೆ ತಲುಪಿದ ಮೇಲೆ ಅವನ ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಅವನು ಪಕ್ಕದಲ್ಲಿ ನಿಂತು ಕೇಳುತ್ತಿರುವಾಗ ಇದು ಬಾಯಲ್ಲಿ ಬರುವ ಮಾತಲ್ಲ. ಅಂಕಿಗಳನ್ನು ನೀನು ಕಣ್ಣಾರೆ ನೋಡಬೇಕು. ಅದಕ್ಕೇ ಈ ಕಾಗದ.

ನಿನ್ನ ಮೊಮ್ಮಗ ಗುಂಡ ಚೆನ್ನಾಗಿದ್ದಾನೆ. ಸಂಜೆ ನಿನ್ನ ಕುರ್ಚಿ ಖಾಲಿ ಇದ್ದುದನ್ನು ನೋಡಿ ತುಟಿ ಮುಂದೆ ಮಾಡಿದ, ಥೇಟು ನಿನ್ನ ಹಾಗೆ. ನಿನ್ನ ಅಳಿಯನಿಗೆ ಈ ವಾರವೆಲ್ಲ ರಾತ್ರಿ ಪಾಳಿ, ಆದ್ದರಿಂದ ಮನೆಯಲ್ಲಿ ನಾನು ಮತ್ತು ಮಗು ಇಬ್ಬರೇ. ಸದ್ದು ಕೇಳಿ ಮಗು ಕದಲಿತು. ಇನ್ನೊಂದು ಸಲ ಬಿದ್ದರೆ ಪೂರ್ತಿ ಎದ್ದೇಬಿಡುತ್ತಾನೆಂದು ಟಾರ್ಚು ಹಿಡಿದು ಕೆಳಗಿಳಿದೆ. ಒಂದು ಚೀಲದ ಬಾಯನ್ನು ಇಲಿ ಕಡಿದಿತ್ತು. ನಾವು ಮಾಡುವ ಬಣ್ಣದ ಡಬ್ಬಿಯ ಮುಚ್ಚಳವೊಂದು ಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಮೇಲಕ್ಕೆ ತಂದು, ಕಟ್ಟೆಯ ಮೇಲೆ ಜಾಗವಿಲ್ಲದೆ, ಮಗುವಿನ ಹಾಲಿನ ಪುಡಿ ತೂಗುವ ತಕ್ಕಡಿಯ ಮೇಲಿಟ್ಟೆ. ತಿಂಗಳು ತುಂಬುವ ಮೊದಲೇ ಹುಟ್ಟಿದವನೆಂದು ಡಾಕ್ಟರು ಗ್ರಾಂ ಲೆಕ್ಕದಲ್ಲಿ ಹಾಲು ಹೇಳಿದ್ದಾರಲ್ಲ, ಆ ತಕ್ಕಡಿ. ಅದರಲ್ಲಿ ಐವತ್ತು ಎಂದು ಬಂತು.

ನಲವತ್ತು ಬರಬೇಕಿತ್ತು, ಅಪ್ಪಾ.

ಮುಚ್ಚಳ ಮಾರುವಾಗ ನಾವು ಟ್ರೇಯಲ್ಲಿ ಎಣಿಸಿ ಕೊಡುತ್ತೇವೆ. ನಮ್ಮ ಲೆಕ್ಕಕ್ಕೆ ಮಾತ್ರ ನಿನ್ನ ಕಾಲದಿಂದಲೂ ತೂಕವೇ. ನಲವತ್ತು ಕೇಜಿ ಚೀಲ ಎಂದರೆ ಸಾವಿರ ಮುಚ್ಚಳ, ಚೀಲ ಎಣಿಸಿದರೆ ಮುಗಿಯಿತು. ವರ್ಷದ ಕೊನೆಯ ದಿನ ನಾನೂ ಹಾಗೇ ಮಾಡಿದೆ. ನಾನೂರು ಚೀಲ, ನಾಲ್ಕು ಲಕ್ಷ ಮುಚ್ಚಳ, ಒಂದಕ್ಕೆ ಹತ್ತರಂತೆ ನಲವತ್ತು ಲಕ್ಷದ ದಾಸ್ತಾನು. ಆದರೆ ಅದಕ್ಕೂ ಮುಂಚೆಯೇ ಬಣ್ಣದ ಕಾರ್ಖಾನೆಯವರು ಮುಚ್ಚಳ ನೆಗ್ಗುತ್ತದೆ ಎಂದು ಗಲಾಟೆ ಮಾಡಿದ ಮೇಲೆ ನಾವು ದಪ್ಪ ತಗಡು ತರಿಸಿದೆವಲ್ಲ? ಆ ಹತ್ತು ಎಂಬ ದರ ದಪ್ಪ ತಗಡಿನದ್ದು. ಎಣಿಕೆ ಮಾತ್ರ ಹಳೇ ತೆಳು ತಗಡಿನದ್ದು. ಈಗ ಮತ್ತೆ ಕೆಳಗಿಳಿದು, ಆವತ್ತು ಎಣಿಸಿದ್ದರಲ್ಲೇ ಬೇರೆ ಬೇರೆ ಸಾಲಿನ ಚೀಲಗಳಿಂದ ಹನ್ನೆರಡು ಮುಚ್ಚಳ ತಂದು ತೂಗಿದೆ. ನಲವತ್ತು ಗ್ರಾಮಿನದು ಒಂದೂ ಇಲ್ಲ. ಚೀಲಕ್ಕೆ ಇರುವುದು ಎಂಟುನೂರೇ. ದಾಸ್ತಾನು ಮೂವತ್ತೆರಡು ಲಕ್ಷ. ಎಂಟು ಲಕ್ಷದ ಮುಚ್ಚಳಗಳು ನನ್ನ ಪುಸ್ತಕದಲ್ಲಿ ಮಾತ್ರ ಇವೆ, ಗೋದಾಮಿನಲ್ಲಿಲ್ಲ.

ನೀನು ದಿನಾ ಸಂಜೆ ಮೆಟ್ಟಿಲು ಹತ್ತುತ್ತಾ "ಉಸಿರು ಎಷ್ಟಿದೆ, ಆಡಿಟರಮ್ಮಾ?" ಎಂದು ಕೇಳುತ್ತಿದ್ದೆ. ವರ್ಷದೊಳಗೆ ಕೈಗೆ ಬರುವುದನ್ನು ವರ್ಷದೊಳಗೆ ಕೊಡಬೇಕಾದುದರಿಂದ ಭಾಗಿಸುವ ಚಾಲ್ತಿ ಅನುಪಾತಕ್ಕೆ ನೀನು ಇಟ್ಟ ಹೆಸರು ಅದು. ನಾನು ಒಂದೂವರೆ ಎನ್ನುತ್ತಿದ್ದೆ, ನೀನು ಎದೆಯುಬ್ಬಿಸಿ ಒಳಗೆ ಹೋಗುತ್ತಿದ್ದೆ. ದಾಸ್ತಾನು ನಲವತ್ತು, ಬರಬೇಕಾದ ಬಾಕಿ ಹದಿನೇಳು, ನಗದು ಮೂರು, ಒಟ್ಟು ಅರವತ್ತು ಲಕ್ಷ. ಕೊಡಬೇಕಾದದ್ದು ನಲವತ್ತು. ಈಗ ಅದು ಐವತ್ತೆರಡಕ್ಕೆ ನಲವತ್ತು, ಅಂದರೆ ಒಂದು ಪಾಯಿಂಟ್ ಮೂರು. ಹೊಸ ಸಾಲಕ್ಕೆ ಬ್ಯಾಂಕಿನವರು ಕೇಳಿದ್ದು ಒಂದು ಪಾಯಿಂಟ್ ಮೂರು ಮೂರು. ಕೂದಲೆಳೆಯಷ್ಟು ಕಡಿಮೆ, ನೀನು ಬೇಕಾದರೆ ಹೇಗೋ ಒಪ್ಪಿಸಿಬಿಡುತ್ತೀಯ. ನನಗೆ ಭಯವಿರುವುದು ಅದರದ್ದಲ್ಲ.

ಇಲ್ಲದ ದಾಸ್ತಾನು ಇಲ್ಲದ ಲಾಭವಾಗಿ ನಿಂತಿದೆ. ಬಡ್ಡಿ ಮತ್ತು ತೆರಿಗೆ ಕಳೆಯುವ ಮೊದಲು ಹದಿನಾಲ್ಕು ಲಕ್ಷ ದುಡಿದೆವು ಎಂದು ಬರೆದೆನಲ್ಲ, ನಿಜವಾಗಿ ದುಡಿದದ್ದು ಆರು. ಹಳೇ ಸಾಲದ ಬಡ್ಡಿ ನಾಲ್ಕು ಹೋದರೆ ಉಳಿಯುವುದು ಎರಡೇ ಲಕ್ಷ. ನಾವು ಹತ್ತು ಲಕ್ಷಕ್ಕೆ ಕಾಲುಪಾಲಿನಂತೆ ಎರಡೂವರೆ ಲಕ್ಷ ತೆರಿಗೆ ಕಟ್ಟಿ ಬಂದೆವು. ಗಳಿಸಿದ್ದಕ್ಕಿಂತ ಹೆಚ್ಚು ತೆರಿಗೆ ಕಟ್ಟಿ, ಆ ಸಂಜೆ "ತೆರಿಗೆ ಕಟ್ಟೋದೂ ಒಂದು ಅಂತಸ್ತು ಕಣೇ" ಎಂದು ನೀನು ಹಂಚಿದ ಕೇಕು ನಾನೂ ತಿಂದೆ. ಅರ್ಜಿ ಹಾಕಿ ಅದನ್ನು ಹಿಂದಕ್ಕೆ ಕೇಳಬಹುದು. ಆದರೆ ಮುಚ್ಚಳ ಒತ್ತುವ ಹೊಸ ಪ್ರೆಸ್ಸಿಗೆಂದು ಇವತ್ತು ನೀನು ಸಹಿ ಹಾಕಲಿರುವ ಮೂವತ್ತು ಲಕ್ಷದ ಸಾಲಕ್ಕೆ ಶೇಕಡಾ ಹನ್ನೆರಡರಂತೆ ಇನ್ನೂ ಮೂರು ಲಕ್ಷ ಅರವತ್ತು ಸಾವಿರ ಬಡ್ಡಿ. ಎರಡೂ ಸೇರಿದರೆ ಏಳು ಲಕ್ಷ ಅರವತ್ತು ಸಾವಿರ. ದುಡಿಮೆ ಆರು. ಅಸಲಿನ ಮಾತು ಬಿಡು, ಬಡ್ಡಿಗೇ ಸಾಲದು. ಪ್ರೆಸ್ಸು ಬಂದರೆ ದುಡಿಮೆ ಹೆಚ್ಚುತ್ತದೆ ಎನ್ನುತ್ತೀಯ, ಗೊತ್ತು. ಪ್ರೆಸ್ಸು ಬರಲು ಹತ್ತು ತಿಂಗಳು ಬೇಕು, ಬಡ್ಡಿ ಮಾತ್ರ ಹಣ ಎತ್ತಿದ ದಿನದಿಂದಲೇ ಓಡುತ್ತದೆ. ಅಡವಿಟ್ಟಿರುವುದು ಈ ಮನೆ. ಮಗು ಮಲಗಿರುವ ಈ ಕೋಣೆ, ನೀನು ಒಂದೊಂದೇ ಮೆಟ್ಟಿಲು ಸಾಲ ಮಾಡಿ ಕಟ್ಟಿಸಿ, ಒಂದೊಂದೇ ತೀರಿಸಿದ ಈ ಮಹಡಿ.

ತಪ್ಪು ನನ್ನದು. ಮಗುವಿಗೆ ಇಪ್ಪತ್ತು ದಿನವಾಗಿತ್ತು, ಒಂದು ಕೈಯಲ್ಲಿ ಅವನು, ಇನ್ನೊಂದರಲ್ಲಿ ಪೆನ್ನು. ಅದು ಕಾರಣವೇ ಹೊರತು ಕ್ಷಮೆಯಲ್ಲ. "ನನ್ ಮಗಳ ಲೆಕ್ಕ ಸ್ವಾಮೀ, ಕಣ್ಮುಚ್ಕೊಂಡು ಸಹಿ ಹಾಕ್ತೀನಿ" ಎಂದು ನೀನು ಬ್ಯಾಂಕಿನ ಮ್ಯಾನೇಜರ ಎದುರು ಮೇಜು ಕುಟ್ಟಿದ್ದು ಕಿವಿಯಲ್ಲೇ ಇದೆ. ಇವತ್ತು ಕಣ್ಣು ತೆರೆದು ಓದು. ಸಾಲದ ಪತ್ರದ ಕೊನೆಯ ಪುಟದಲ್ಲಿ "ಮೇಲಿನ ಅಂಕಿಗಳು ನನಗೆ ತಿಳಿದಂತೆ ಸತ್ಯ" ಎಂಬ ಸಾಲಿದೆ. ಈ ಕಾಗದ ಓದಿದ ಮೇಲೆ ಆ ಸಾಲು ನಿನ್ನ ಮಟ್ಟಿಗೆ ಸತ್ಯವಾಗಿರುವುದಿಲ್ಲ.

ಡ್ರೈವರ್ ಕೆಳಗೆ ಎಂಜಿನ್ ಚಾಲೂ ಮಾಡಿದ. ಮಂಡಿಗೆ ಎಣ್ಣೆ ಹಚ್ಚಿಕೊ. ಬೈಯುವುದಾದರೆ ಮನೆಗೆ ಬಂದು ಬೈ, ದಾರಿಯಲ್ಲಿ ಒಬ್ಬನೇ ನೊಂದುಕೊಳ್ಳಬೇಡ. ಮೊಮ್ಮಗನ ಮುತ್ತು ಇದರ ಜೊತೆಗಿದೆ.

ನಿನ್ನ ಮಗಳು
ಆಡಿಟರಮ್ಮ ಎಂದು ಬರೆಯಲು ಈ ಸಲ ಕೈ ಬರಲಿಲ್ಲ.

ಮರೆತ ಮಾತು: ಮೇಲೆ ಬರೆದದ್ದರಲ್ಲಿ ಒಂದನ್ನು ಮುಚ್ಚಿಟ್ಟಿದ್ದೇನೆ. ದಾಸ್ತಾನು ಎಣಿಸಿದ ದಿನ ಮೇಸ್ತ್ರಿ ಬಂದು, "ಅಮ್ಮಾ, ಈ ಸಲದ್ದು ಭಾರ ಇದೆ, ಒಂದ್ಸಲ ಬಿಡಿಯಾಗಿ ತೂಗ್ಬಿಡಿ" ಎಂದಿದ್ದ. ಮಗು ಅಳುತ್ತಿತ್ತು. "ಲೆಕ್ಕ ನಂಗೆ ಕಲಿಸ್ಬೇಡ, ನಿನ್ನ ಪ್ರೆಸ್ಸು ನೋಡ್ಕೋ" ಎಂದುಬಿಟ್ಟೆ. ಅವನು ತಿರುಗಿ ಪ್ರೆಸ್ಸಿನ ಕಡೆಗೆ ನಡೆದುಬಿಟ್ಟ. ಹೊಸದರ ಪಾಯಕ್ಕೆ ಜಾಗ ಮಾಡಲು ಆರು ಗಂಟೆಗೆ ಅವನೇ ಬಂದು ಹಳೇ ಪ್ರೆಸ್ಸನ್ನು ಕಳಚುತ್ತಾನೆ, ಅಲ್ಲಿಯವರೆಗೆ ದಾಸ್ತಾನೇ ಸಾಕೆಂದು ನೀನು ಗುಜರಿಯವನಿಗೂ ಬರಲು ಹೇಳಿದ್ದೀಯ. ಅದೂ ಹೋದರೆ ಆ ಆರು ಲಕ್ಷವನ್ನು ದುಡಿಯಲೂ ಏನೂ ಉಳಿಯುವುದಿಲ್ಲ. ನಿಲ್ಲಿಸು ಎಂದರೆ "ಯಜಮಾನ್ರು ಹೇಳ್ಲಿ" ಎನ್ನುತ್ತಾನೆ, ನನ್ನ ಮಾತಿಗೆ ಅವನಲ್ಲಿದ್ದ ಬೆಲೆಯನ್ನು ನಾನೇ ಕಳೆದುಕೊಂಡಿದ್ದೇನೆ. ನಾನು ಗೋದಾಮಿನ ಬಾಗಿಲಲ್ಲೇ ಕುಳಿತಿರುತ್ತೇನೆ, ನಿನ್ನ ಫೋನು ನನ್ನ ಮಡಿಲಲ್ಲಿರುತ್ತದೆ. ಡ್ರೈವರನ ಫೋನಿನಿಂದ, ನಿನಗೆ ಬಾಯಿಪಾಠವಿರುವ ನಿನ್ನ ನಂಬರಿಗೇ ಮಾಡು, ಅಪ್ಪಾ. ಬೈಯಲಿಕ್ಕಾದರೂ ಮಾಡು. ದಮ್ಮಯ್ಯ, ಬೆಳಕು ಹರಿಯುವ ಮುಂಚೆ ಮಾಡು.