ನನ್ನ ಪರೀಕ್ಷೆಗೆ ನೀನು ಹೋಗಬೇಡ

ಭಾನುವಾರ, ಬೆಳಗಿನ ಹೊತ್ತು

ಪ್ರೀತಿಯ ಅಕ್ಕಾ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದು ಇದ್ಯಾವ ಶೋಕಿ ಎಂದು ಬೈಯಬೇಡ. ಎದುರಿಗೆ ನಿಂತರೆ ನೀನು ನನ್ನ ಬಾಯಿ ಮುಚ್ಚಿಸುತ್ತೀಯ, ಹತ್ತು ನಿಮಿಷ ಮೊದಲು ಹುಟ್ಟಿದ ದೊಡ್ಡಸ್ತಿಕೆ ನಿನ್ನದು. ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಇಂಗ್ಲಿಷ್ ಎಂದರೆ ನನಗೆಷ್ಟು ಭಯವೆಂದು ನಿನಗೆ ಗೊತ್ತು. ಈ ಸರ್ಕಾರಿ ಕೆಲಸದ ಪರೀಕ್ಷೆಯಲ್ಲಿ ಬೇರೆಲ್ಲ ವಿಷಯ ದಾಟಿ ಪ್ರತಿ ಸಲವೂ ಅದೊಂದರಲ್ಲೇ ಬಿದ್ದೆ. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಪದ, ಪಕ್ಕದಲ್ಲಿ ಅದರ ವಿರುದ್ಧ ಪದ ಬರೆದು ಬಾಯಿಪಾಠ ಮಾಡುತ್ತೇನೆ. ಒಂದು ಸಲ ಆ ಸುಣ್ಣವೆಲ್ಲ ಗಿರಾಕಿಯ ಕೋಟಿನ ಬೆನ್ನಿಗೆ ಅಂಟಿ, ಅಂಗಡಿಯವರು ಇಂಗ್ಲಿಷನ್ನೂ ನನ್ನನ್ನೂ ಒಟ್ಟಿಗೆ ಬೈದರು. ಎಲ್ಲಿ ‘ಇನ್’, ಎಲ್ಲಿ ‘ಆನ್’ ಎನ್ನುವುದು ಅಲ್ಲಿ ನೀರು ಕುಡಿದಷ್ಟು ಸಲೀಸು. ಪರೀಕ್ಷೆಯ ಕೋಣೆಯಲ್ಲಿ ಕೂತರೆ ಮಾತ್ರ ಕೊಟ್ಟ ನಾಲ್ಕು ಉತ್ತರವೂ ಸರಿಯೆನ್ನಿಸುತ್ತದೆ. ವಯಸ್ಸು ಮೀರುತ್ತಿದೆ, ಇದೇ ಕೊನೆಯ ಅವಕಾಶ.

ಅದಕ್ಕೇ ಅಮ್ಮ, “ಎರಡೂ ಮುಖ ಒಂದೇ ಅಚ್ಚು, ದೊಡ್ಡವಳೇ ಹೋಗಿ ಬರೆದು ಬರಲಿ, ಯಾರಪ್ಪನಿಗೆ ಗೊತ್ತಾಗುತ್ತದೆ” ಎಂದಾಗ ನಾನೂ ತಲೆಯಾಡಿಸಿದೆ. ನೀನು ಇದೇ ಪರೀಕ್ಷೆ ಗೆದ್ದು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಅಮ್ಮ ಹಾಗೆಂದ ಮೇಲೆ ಇಂಗ್ಲಿಷ್ ಅಭ್ಯಾಸ ನಡೆದದ್ದು ಕಡಿಮೆ, ನೀನು ನನ್ನನ್ನು ಅಭ್ಯಾಸ ಮಾಡಿದ್ದೇ ಹೆಚ್ಚು. ನನ್ನ ಸಹಿ, ನನ್ನ ಓರೆ ಬೈತಲೆ, ನಾನು ತಲೆ ತಗ್ಗಿಸಿ ನಡೆಯುವ ರೀತಿ.

ನಿನ್ನೆ ಕೋಣೆ ಎಲ್ಲಿದೆಯೆಂದು ನೋಡಲು ಪರೀಕ್ಷಾ ಕೇಂದ್ರಕ್ಕೆ ಹೋದೆನಲ್ಲ, ಅಲ್ಲಿ ಬಾಗಿಲ ಪಕ್ಕದ ಮೇಜಿನ ಮೇಲೆ ಹೆಬ್ಬೆರಳು ಒತ್ತುವ ಯಂತ್ರ ಜೋಡಿಸುತ್ತಿದ್ದರು. ಅರ್ಜಿ ಹಾಕುವಾಗ ಒತ್ತಿದ್ದು ನನ್ನ ಹೆಬ್ಬೆರಳು. ಸಹಿಯಿಂದ ಹಿಡಿದು ಬೈತಲೆಯವರೆಗೆ ಎಲ್ಲ ಹೊಂದಿಸಿದ ನಾವು ಬೆರಳನ್ನೇ ಮರೆತಿದ್ದೆವು. ಬಂದು ಹೇಳಿದರೆ ನೀನು, ಅಂಥ ಯಂತ್ರ ಯಾವಾಗಲೂ ಕೆಟ್ಟೇ ಇರುತ್ತದೆ, ಸುಮ್ಮನಿರು ಎಂದು ನಕ್ಕೆ. ನಗುವಾಗ ನಿನ್ನ ಕೈಯಲ್ಲಿದ್ದ ಚಹಾದ ಕಪ್ಪು ಬಸಿಗೆ ಬಡಿದು ಕಟಕಟ ಎನ್ನುತ್ತಿತ್ತು. ನಿನಗೂ ಹೆದರಿಕೆಯಿದೆ, ಅಕ್ಕಾ.

ಸಿಕ್ಕಿಬಿದ್ದರೆ ನಿನ್ನ ಕೆಲಸ ಹೋಗುತ್ತದೆ, ಪೊಲೀಸರು ಮನೆಗೆ ಬರುತ್ತಾರೆ. ನನಗೆ ಕೆಲಸ ಸಿಗದಿದ್ದರೆ ಕೈಯಲ್ಲಿ ಕತ್ತರಿಯಾದರೂ ಇದೆ. ನಿನಗೇನಿದೆ? ಆದ್ದರಿಂದ ಇವತ್ತಿನ ಪರೀಕ್ಷೆಗೆ ನಾನೇ ಹೋಗುತ್ತಿದ್ದೇನೆ. ಧೈರ್ಯ ಬಂತೆಂದುಕೊಳ್ಳಬೇಡ. ಈಗಲೂ ಓದಿದ್ದೆಲ್ಲ ಅಳಿಸಿಹೋದ ಹಾಗಿದೆ, ಆಗಲೇ ಎರಡು ಸಲ ವಾಂತಿಯಾಯಿತು. ಫೇಲಾದರೆ ನಾನೇ ಫೇಲಾಗುತ್ತೇನೆ. ಸಿಟ್ಟು ಬಂದರೆ ಸಾಯಂಕಾಲ ಎರಡು ಬಾರಿಸು.

ಇತಿ ನಿನ್ನ
ಪುಟ್ಟಿ

ತಾ.ಕ.: ಈ ಕಾಗದವನ್ನು ನಿನ್ನ ಕೋಣೆಯ ಬಾಗಿಲ ಸಂದಿಯಿಂದ ಒಳಗೆ ತೂರಿಸುತ್ತಿದ್ದೇನೆ. ಬಾಗಿಲು ಜಗ್ಗಬೇಡ, ಹೊರಗಿನಿಂದ ಚಿಲಕ ಹಾಕಿದೆ. ಹಾಕಿದ್ದು ನಾನಲ್ಲ. ಯಂತ್ರದ ವಿಷಯ ಈಗಷ್ಟೇ ಅಮ್ಮನಿಗೆ ಹೇಳಿದೆ. ಅವಳೇ ಎದ್ದು ಹೋಗಿ ಚಿಲಕ ಹಾಕಿ, “ಒಬ್ಬಳು ಬಿದ್ರೆ ಎತ್ತೋಕೆ ಇನ್ನೊಬ್ಬಳಾದ್ರೂ ಬೇಕಲ್ಲೇ” ಅಂದಳು. ಕೇಂದ್ರದ ಗೇಟು ಮುಚ್ಚಿದ ಮೇಲೆ ತೆಗೆಯುತ್ತಾಳಂತೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅಳುತ್ತಿದ್ದಾಳೆ. ಕೂಗಾಡಬೇಡ, ಒಳಗಿನಿಂದಲೇ ಅವಳನ್ನು ಸ್ವಲ್ಪ ಮಾತಾಡಿಸು.