ವಿಭೂತಿ ಬಳಿದ ಕಾರ್ಡು

ಗುಂಡ್ಲುಪೇಟೆ
೮-೧೦-೨೦೦೬, ಭಾನುವಾರ

ಪ್ರೀತಿಯ ಮೊಮ್ಮಗ ದಿಲೀಪನಿಗೆ,

ನಿನ್ನ ತಾತ ಪುಟ್ಟಬಸಪ್ಪ ಹರಸಿ ಬರೆಯುವುದು. ಆರೋಗ್ಯವಾಗಿದ್ದೀಯಾ? ಚಾಮರಾಜನಗರದ ಹಾಸ್ಟೆಲ್ಲಿನ ಊಟ ಈಗಲಾದರೂ ಮೈಗೆ ಹಿಡಿಯಿತೇ? ಆ ಕೆಮ್ಮು ಹೋಯಿತೇ? ಇಲ್ಲಿ ನಿಮ್ಮಪ್ಪ ಅಮ್ಮ ಚೆನ್ನಾಗಿದ್ದಾರೆ. ನನ್ನ ಎಡಮಂಡಿ ನೋವು ಹಾಗೇ ಇದೆ, ಜೀವಮಾನವೆಲ್ಲ ಕ್ಲಚ್ ತುಳಿದ ಕಾಲಲ್ಲವೇ. ಅಜ್ಜಿಗೆ ಮೈಗೇನೂ ಆಗಿಲ್ಲ. ಅವಳ ಮನಸ್ಸಿನ ವಿಷಯ ಮುಂದೆ ಬರೆಯುತ್ತೇನೆ. ಮನೆಯಲ್ಲಿ ಫೋನಿದ್ದೂ ತಾತ ಯಾಕೆ ಕಾಗದ ಬರೆದ ಎಂದುಕೊಳ್ಳಬೇಡ. ಫೋನಾದರೆ ನೀನು "ಆಮೇಲೆ ಮಾಡ್ತೀನಿ ತಾತ" ಎಂದು ಇಟ್ಟುಬಿಡುತ್ತೀಯ.

ನಮ್ಮ ಕಂಪ್ಯೂಟರಿನ ಸಮಾಚಾರ ಹೇಳುತ್ತೇನೆ. ಮುಚ್ಚಿಹೋದ ಸೈಬರ್ ಸೆಂಟರಿನಿಂದ ನಾವಿಬ್ಬರೂ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಆ ಮುದಿ ಪೆಟ್ಟಿಗೆಯನ್ನು ಈ ವರ್ಷ ನಾನೊಬ್ಬನೇ ಸರಿಮಾಡಿಸುತ್ತಾ ಬಂದೆ. ಒಂದೇ ಸಲ ಎಲ್ಲ ಮಾಡಿಸುವ ಶಕ್ತಿ ನನ್ನ ಪಿಂಚಣಿಗೆಲ್ಲಿದೆ? ಹೋಟೆಲಿನ ಮಸಾಲೆ ದೋಸೆ ಬಿಟ್ಟೆ, ಹೊಸ ಚಪ್ಪಲಿ ಮುಂದೂಡಿದೆ. ಮೊದಲು ರ‍್ಯಾಮ್ ಜಾಸ್ತಿ ಹಾಕಿಸಿದೆ. ಆಮೇಲೆ ಪವರ್ ಸಪ್ಲೈ ಡಬ್ಬ ಬದಲಾಯಿಸಿದೆ. ಆದರೂ ನಮ್ಮ ಕಾರ್ ರೇಸ್ ಹಾಕಿದರೆ ರಸ್ತೆ ತುಂಡುತುಂಡಾಗಿ ಬರುತ್ತಿತ್ತು. ತಿರುವು ಕಾಣುವ ಹೊತ್ತಿಗೆ ನನ್ನ ಕಾರು ಕಣಿವೆಯಲ್ಲಿರುತ್ತಿತ್ತು. ಊಟಿ ಘಾಟಿಯಲ್ಲಿ ಸರ್ಕಾರಿ ಬಸ್ಸು ಓಡಿಸಿ ಒಂದು ಗೀರೂ ಮಾಡದೆ ರಿಟೈರಾದವನ ಮಾನ ದಿನಾ ನಡುಮನೆಯಲ್ಲಿ ಹೋಗುತ್ತಿತ್ತು. ಉಳಿದಿದ್ದು ಚಿತ್ರ ಸರಾಗವಾಗಿ ಓಡಿಸುವ ಆ ಗ್ರಾಫಿಕ್ಸ್ ಕಾರ್ಡು ಒಂದೇ. ಅದೊಂದು ಬಿದ್ದರೆ ನೀನು ಮೊದಲಿನ ಹಾಗೆ ಶನಿವಾರ ಸಂಜೆಯ ಬಸ್ಸಿಗೆ ಬರುತ್ತೀಯ ಎಂದು ನಂಬಿದ್ದೆ. ಬಾರೋ ಎಂದಾಗಲೆಲ್ಲ ನೀನು ಹೇಳುತ್ತಿದ್ದುದು ಅದನ್ನೇ ಅಲ್ಲವೇ, "ಬಂದು ಏನ್ ಮಾಡ್ಲಿ ತಾತ, ಕಾರ್ಡೇ ಸುಟ್ಟೋಗ್ಬುಟ್ಟದಲ್ಲ" ಎಂದು.

ಅದು ಸುಟ್ಟ ಕಥೆಯನ್ನು ನೀನು ಹೇಳಿದ ಹಾಗೆಯೇ ನೆನಪು ಮಾಡಿಕೊಡುತ್ತೇನೆ. ಹೋದ ವರ್ಷದ ಆಯುಧಪೂಜೆ. ಹೊಲಿಗೆ ಮಿಷನ್ನು, ಮಿಕ್ಸಿ, ಸೈಕಲ್ಲು ಎಲ್ಲಕ್ಕೂ ವಿಭೂತಿ ಬಳಿದ ಅಜ್ಜಿ ಕಂಪ್ಯೂಟರಿನ ಮುಂದೆ ಕೂತು ಹಟ ಹಿಡಿದಳು. "ಮ್ಯಾಲ್ ಬಳುದ್ರ ಬರೀ ಡಬ್ಬುಕ್ ಪೂಜೆ ಆಯ್ತದ ಕಣ್ಲಾ, ಒಳ್ಗ ದುಡಿಯೋ ಸಾಮಾನ್ಗ ಮಾಡ್ಬ್ಯಾಡ್ವಾ?" ಎಂದಳು. ನೀನೇ ನಗುತ್ತಾ ಸ್ಕ್ರೂ ಬಿಚ್ಚಿಕೊಟ್ಟೆ. ಅವಳು ಕಾರ್ಡಿನ ಬೆನ್ನಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಅದರ ಪುಟಾಣಿ ಫ್ಯಾನಿನ ನಡುವೆ ಒಂದು ಕುಂಕುಮದ ಬೊಟ್ಟಿಟ್ಟಳು. ದೀಪಾವಳಿಗೆ ಬಂದ ನೀನು ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅಜ್ಜಿಯ ಎದುರಿಗೇ ಹೇಳಿದೆ, "ಕುಂಕುಮ ಒಳಗಿಳ್ದು ಶಾರ್ಟ್ ಆಗ್ಬುಟ್ಟದ, ಸತ್ತೋಗ್ಬುಟ್ಟದ" ಎಂದು. ಬ್ಯಾಗಿಗೆ ಹಾಕಿಕೊಂಡು ಹೋದೆ, ರಿಪೇರಿ ಆಗುತ್ತಾ ನೋಡುತ್ತೇನೆ ಎಂದು. ಡಿಪೋದಲ್ಲಿ ವರ್ಷ ವರ್ಷ ಎಂಜಿನ್ನಿಗೇ ಕುಂಕುಮ ಬಳಿದು ಬಸ್ಸನ್ನು ಘಾಟಿ ಹತ್ತಿಸಿದವನು ನಾನು. ಆದರೂ ಕಂಪ್ಯೂಟರು ಬೇರೆ, ಓದುವ ಹುಡುಗ ಹೇಳಿದ ಮೇಲೆ ಮುಗಿಯಿತು ಎಂದು ನಂಬಿದೆ.

ಮೊನ್ನೆ ಶುಕ್ರವಾರ ಚಾಮರಾಜನಗರಕ್ಕೆ ಬಂದಿದ್ದೆ. ನಿನಗೆ ಹೇಳಿರಲಿಲ್ಲ. ಕಾರ್ಡು ಕೊಂಡು, ಹಾಸ್ಟೆಲ್ಲಿಗೇ ಬಂದು ನಿನ್ನ ಕೈಗಿಟ್ಟು, ನಿನ್ನ ಮುಖ ನೋಡಬೇಕೆಂದಿತ್ತು. ಅಜ್ಜಿ ನಿನಗೆಂದು ಒಂದು ಡಬ್ಬಿ ಕಜ್ಜಾಯ ಕಟ್ಟಿದ್ದಳು. ಬಸ್ ಸ್ಟ್ಯಾಂಡಿನ ಹಿಂದೆ ವಸೀಂ ಎನ್ನುವವನ ಕಂಪ್ಯೂಟರ್ ಅಂಗಡಿ ಇದೆ, ನಿನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಪೆಟ್ಟಿಗೆಯ ವಿವರ ಹೇಳಿದೆ. ಈಗಿನ ಕಾರ್ಡುಗಳು ನಿಮ್ಮ ಹಳೇ ಬೋರ್ಡಿಗೆ ಕೂರುವುದೇ ಇಲ್ಲ ಯಜಮಾನ್ರೇ ಎಂದ. ನನ್ನ ಮುಖ ಸಣ್ಣದಾಗಿದ್ದು ನೋಡಿ ಡ್ರಾಯರೆಲ್ಲ ಕೆದಕಿ, ಹಳೇ ಮಾದರಿಯದು ಒಂದೇ ಒಂದು ಉಳಿದಿದೆ ಎಂದು ತೆಗೆದು ಮೇಜಿನ ಮೇಲಿಟ್ಟ. ಮೂರು ಬಿಳಿ ಗೆರೆ. ಕೆಳಗಿನ ಗೆರೆ ಕೊನೆಯಲ್ಲಿ ಡೊಂಕು. ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಅಜ್ಜಿಯ ಉಂಗುರದ ಬೆರಳು ಯಾವ ಗೋಡೆಗೆ ವಿಭೂತಿ ಬಳಿದರೂ ಹಾಗೇ ಡೊಂಕಾಗುತ್ತದೆ. ಫ್ಯಾನಿನ ನಡುವೆ ಬೊಟ್ಟು ಕೂಡ ಇತ್ತು.

ಇದು ಎಲ್ಲಿಯದು ಎಂದೆ. ಅವನು ಮಾರುವ ಉತ್ಸಾಹದಲ್ಲಿ ಎಲ್ಲ ಹೇಳಿದ. "ಪಾಲಿಟೆಕ್ನಿಕ್ ಹುಡ್ಗ ದಿಲೀಪ್ ಅಂತ, ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದು. ಮೂರು ಜನ ಸೇರಿ ಹಾಸ್ಟೆಲ್‌ಗೆ ಒಂದು ಕಂಪ್ಯೂಟರ್ ಮಾಡ್ಕೊಂಡ್ರು, ಇದು ಅವನ ಪಾಲು. ಶನಿವಾರ ಭಾನುವಾರ ಅದೇ ಆಟ. ಪೀಸ್ ಪಕ್ಕಾ ಕೆಲಸ ಮಾಡುತ್ತೆ ಯಜಮಾನ್ರೇ, ಯಾರೋ ಪೂಜೆ ಮಾಡಿದ್ದು ಅಂತ ಒರೆಸಕ್ಕೆ ಮನಸ್ ಬರ್ಲಿಲ್ಲ" ಎಂದು ಯಾವುದೋ ಕಂಪ್ಯೂಟರಿಗೆ ಸಿಕ್ಕಿಸಿ ಓಡಿಸಿಯೂ ತೋರಿಸಿದ. ನಾನು ನಿನ್ನ ತಾತ ಎಂದು ಹೇಳಲು ನಾಚಿಕೆಯಾಯಿತು. ನನ್ನ ಮನೆಯ ಸಾಮಾನನ್ನೇ ಚೌಕಾಸಿ ಮಾಡದೆ ಕೊಂಡುಕೊಂಡೆ. ಹಾಸ್ಟೆಲ್ಲಿನ ಗೇಟಿನವರೆಗೆ ಬಂದು ಹಾಗೇ ಬಸ್ ಸ್ಟ್ಯಾಂಡಿಗೆ ತಿರುಗಿ ನಡೆದೆ, ಒಳಗೆ ಬರಲಿಲ್ಲ. ಕಜ್ಜಾಯವನ್ನು ಕಂಡಕ್ಟರನಿಗೆ ಕೊಟ್ಟೆ. ಅವನು ಕೈಯೆತ್ತಿ ನಮಸ್ಕಾರವನ್ನಾದರೂ ಮಾಡಿದ.

ಕಾರ್ಡು ಬೇಕಿದ್ದರೆ ಕೇಳಬಹುದಿತ್ತಲ್ಲೋ. ಬೈದುಕೊಂಡಾದರೂ ಕೊಡುತ್ತಿದ್ದೆ. ಮುದುಕನ ಜೊತೆ ಆಡಲು ಬೇಜಾರು, ಗೆಳೆಯರ ಜೊತೆ ಆಡುತ್ತೇನೆ ಎಂದಿದ್ದರೂ ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ, ನಾನೂ ಹುಡುಗನಾಗಿದ್ದವನೇ. ನೀನು ಮೋಸ ಮಾಡಿದೆ ದಿಲೀಪ. ನನಗೆ ಮಾಡಿದ್ದನ್ನು ನುಂಗಿಕೊಳ್ಳುತ್ತೇನೆ. ಆದರೆ ಆ ಸುಳ್ಳನ್ನು ಅಜ್ಜಿಯ ಬೆರಳಿಗೆ ಅಂಟಿಸಿಬಿಟ್ಟೆಯಲ್ಲ, ಅದು ನನಗೆ ನುಂಗಲಾಗುತ್ತಿಲ್ಲ. ತನ್ನಿಂದಲೇ ಕೆಟ್ಟಿತು, ಅದಕ್ಕೇ ಮೊಮ್ಮಗ ಮನೆಗೆ ಬರುತ್ತಿಲ್ಲ ಎಂದು ಅವಳು ವರ್ಷದಿಂದ ಕೊರಗುತ್ತಿದ್ದಾಳೆ. ಈ ಸಲದ ಆಯುಧಪೂಜೆಗೆ ಟೆಸ್ಟ್ ಎಂದು ನೀನು ಬರಲಿಲ್ಲ. ಅವಳು ಒಂದು ಸಾಮಾನಿಗೂ ವಿಭೂತಿ ಮುಟ್ಟಿಸಲಿಲ್ಲ. ದೂರದಿಂದ ಹೂವೆಸೆದು ಒಳಗೆ ಹೋದಳು. ಅಂಗಡಿಯವರು ಕರೆಂಟಿನ ದೋಷ ಎಂದರು ಕಣೇ ಎಂದು ನಾನು ನಿನ್ನೆ ಹೇಳಿ ನೋಡಿದೆ. "ನನ್ ಮನ್ಸ್ ನೋಯ್ಬಾರ್ದು ಅಂತ ಅಂತಿದ್ದರಿ, ಬುಡಿ" ಎಂದಳು. ನಿಜ ಹೇಳುವ ಬದಲು ಇವತ್ತು ನಿನಗೆ ಕಾಗದ ಬರೆಯಲು ಕೂತೆ.

ಚೆನ್ನಾಗಿ ಓದು. ಊಟ ಬಿಡಬೇಡ. ಕೋಪದಲ್ಲಿ ಬರೆದರೂ ಹರಕೆ ಹರಕೆಯೇ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಾತ,
ಪುಟ್ಟಬಸಪ್ಪ

ಮರೆತ ಮಾತು: ಕವರು ಅಂಟಿಸುತ್ತಿದ್ದಾಗ ಅಜ್ಜಿ ಬಂದಳು. ಅವಳಿಗೆ ಓದಲು ಬರುವುದಿಲ್ಲವಲ್ಲ, ಏನು ಬರೆದಿದ್ದೇನೆಂದು ಗೊತ್ತಿಲ್ಲ. ಹಾಕಿದ್ದು ಹೊಸ ಕಾರ್ಡೆಂದೇ ನಂಬಿದ್ದಾಳೆ, ಆಟ ಓಡುತ್ತಿರುವುದನ್ನು ನೋಡಿ ತನ್ನದೂ ಒಂದು ಮಾತು ಸೇರಿಸಿ ಎಂದು ಪಕ್ಕದಲ್ಲೇ ನಿಂತಿದ್ದಾಳೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ: "ತಪ್ಪಾಯ್ತು ಮಗ, ಇನ್ಮ್ಯಾಕ ನಾ ಅದ್ರ ಅತ್ರುಕ್ಕೂ ಓಗಲ್ಲ. ನೀ ಎದ್ರುಕೊಳ್ದೆ ಮನ್ಗ ಬಾ." ಇದಕ್ಕೆ ನನಗೆ ಉತ್ತರ ಬರೆಯಬೇಡ. ಶನಿವಾರ ಬಾ, ಅವಳ ಮುಂದೆ ನಿಂತು ಹೇಳು.