ಅಂಗಡಿಯವರ ಕುರ್ಚಿ

ಅಪ್ಪ,

ನೀನು ಕಳಿಸಿದ ಕುರ್ಚಿಯನ್ನು ಹನ್ನೊಂದು ವರ್ಷದ ಮೇಲೆ ಇವತ್ತು ಉಗ್ರಾಣದಿಂದ ಹೊರಗೆ ತಂದೆವು. ನೀನು ತೀರಿಕೊಂಡೇ ಎರಡು ವರ್ಷವಾಯಿತು.

ನನ್ನ ಮದುವೆಯಾದ ಮೇಲೆ ನೀನು ಮೊದಲ ಸಲ ಈ ಮನೆಗೆ ಬಂದಾಗ, ಮಾವ ತಮ್ಮ ತಾತನ ಕಾಲದ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿದ್ದರು. ಅದರ ಕೈ ಮೇಲಿನ ಬಟ್ಟೆ ಹರಿದು ಒಳಗಿನ ನಾರು ಕಾಣುತ್ತಿತ್ತು. ಅಷ್ಟು ಹಳೆಯದು ಅನ್ನುವುದೇ ಅವರಿಗೆ ಹೆಮ್ಮೆ. ನೀನು ಮಾತ್ರ, ಪಾಪ, ಬೀಗರು ಕಷ್ಟದಲ್ಲಿದ್ದಾರೆ ಅಂದುಕೊಂಡೆ. ವಾರದೊಳಗೆ ಬಂಗಾರದ ಬಣ್ಣದ ಕಾಲಿನ, ಕೆಂಪು ಮಖಮಲ್ಲಿನ ಕುರ್ಚಿಯೊಂದು ಪ್ಲಾಸ್ಟಿಕ್ ಸಮೇತ ಬಾಗಿಲಿಗೆ ಬಂತು.

"ಅಂಗಡಿಯವರು ಸಿಂಹಾಸನ ಕಳಿಸಿದ್ದಾರೆ ನೋಡಿ," ಅಂದರು ಮಾವ. ನಿನ್ನ ಟೈಲ್ಸ್ ಅಂಗಡಿ ಮೂರು ಮಹಡಿಯಾದರೂ ಈ ಮನೆಯಲ್ಲಿ ನಿನಗೆ ಅದೇ ಹೆಸರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಫೋನಿನಲ್ಲಿ ನಿನ್ನ ಮೇಲೆ ಹರಿಹಾಯ್ದೆ. "ಅವರಿಗೇನು ಗತಿ ಇಲ್ವಾ? ನನ್ನ ಮಾನ ಯಾಕೆ ಕಳೀತೀಯ?"

"ಹರಿದಿತ್ತಲ್ಲಮ್ಮ, ಅದಕ್ಕೆ," ಅಂದೆ ನೀನು. ಆಮೇಲೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತೇ ಮಾತಾಡಿ ಹೋದೆ.

ಅತ್ತೆಗೆ ಈಗ ಸೊಂಟದ ಆಪರೇಷನ್ ಆಗಿದೆ. ಹಳೇ ಕುರ್ಚಿ ತೀರಾ ತಗ್ಗು, ಕೂತರೆ ಏಳಲಾಗುವುದಿಲ್ಲ. ನಿನ್ನ ಕುರ್ಚಿಯ ಪ್ಲಾಸ್ಟಿಕ್ ಬಿಚ್ಚಿ ಅವರನ್ನು ಕೂರಿಸಿದೆ. ಕಣ್ಣು ಮುಚ್ಚಿಕೊಂಡು, "ಅಬ್ಬ, ಹಾಯಾಗಿದೆ," ಅಂದರು.

ನೋಡಲು ಬಂದಿದ್ದ ಅವರ ತಂಗಿ ಕುರ್ಚಿಯ ಕೈ ಸವರಿದರು. "ಚೆನ್ನಾಗಿದೆಯಲ್ಲ ಅಕ್ಕ, ಯಾರು ಕೊಟ್ಟಿದ್ದು?"

ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ನಾನೇ ಹೇಳಲಿ ಅಂತ ಕಾದರು, ಅಪ್ಪ.

"ಅಂಗಡಿಯವರು," ಅಂದೆ.